ಎಂಟು ಪುಟ ಉಳಿಸಲು ಹೋಗಿ: ಮುಳುಗಡೆ ಊರಿನ ಒಂದು ಪುಸ್ತಕದ ಪೂರ್ತಿ ಲೆಕ್ಕ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಪತ್ರಿಕೆ, ಬಿಲ್ ಬುಕ್ಕು, ಪ್ರಶ್ನೆಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು ನಮ್ಮ ದಿನದ ಕೆಲಸ. ವರ್ಷಕ್ಕೆ ನಾಲ್ಕೈದು ಪುಸ್ತಕಗಳೂ ಬರುತ್ತವೆ. ಅವೆಲ್ಲ ಸ್ವಂತ ದುಡ್ಡು ಹಾಕಿ ಪುಸ್ತಕ ಮಾಡಿಸುವವರವು. ಇಲ್ಲಿ ಬರೆಯುತ್ತಿರುವುದು ಅಂಥ ಒಂದೇ ಪುಸ್ತಕದ ಬಗ್ಗೆ. ಬರೆದವರ ಒಪ್ಪಿಗೆ ಪಡೆದು, ಅವರ ಖರ್ಚಿನ ಡೈರಿ ಎದುರಿಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ತಮ್ಮ ಹೆಸರು, ಊರ ಹೆಸರು ಬೇಡ ಅಂದರು. ನಾನು ಅವರನ್ನು ಕಾಕಾ ಅನ್ನುತ್ತೇನೆ, ಇಲ್ಲೂ ಹಾಗೇ ಇರಲಿ. ಈ ಪ್ರಕರಣದಲ್ಲಿ ಆದ ದೊಡ್ಡ ತಪ್ಪು ನನ್ನದು. ಅದಕ್ಕೇ ಪೂರ್ತಿ ಬರೆಯಬೇಕು ಅನಿಸಿತು.

ಕಾಕಾ ಬಸ್ ಕಂಡಕ್ಟರ್ ಆಗಿದ್ದವರು. 1984ರಲ್ಲಿ ಕೆಲಸಕ್ಕೆ ಸೇರಿ 2022ರಲ್ಲಿ ನಿವೃತ್ತರಾದರು. ಹುಟ್ಟಿದ ಊರು ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು. ಆಲಮಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದಾಗ ಅವರು ಎರಡು ವರ್ಷದ ಕೂಸು. ನೀರು ನಿಂತು ಊರು ಬಿಡುವ ಹೊತ್ತಿಗೆ ಅವರಿಗೇ ಮಕ್ಕಳಿದ್ದರು. ತಾವು ದಿನಾ ಡ್ಯೂಟಿ ಮಾಡಿದ ಒಂದು ಹಳೇ ರಸ್ತೆಯೂ ನೀರಿನ ಕೆಳಗಿದೆ. ಬಸ್ಸಿನ ಮಂದಿ, ಹೊಳೆ ದಂಡೆ, ಸಂತೆ, ಊರು ಖಾಲಿ ಮಾಡಿದ ವಾರ, ಪುನರ್ವಸತಿ ಕೇಂದ್ರದ ಮೊದಲ ಮಳೆಗಾಲ, ಇವನ್ನೆಲ್ಲ ನಾಲ್ಕು ಇನ್ನೂರು ಪೇಜಿನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಚೆನ್ನಾಗಿ ಬರೆದಿದ್ದಾರೆ. ನಾನು ಪುಟ ಹೊಂದಿಸುತ್ತಾ ಕೆಲಸ ನಿಲ್ಲಿಸಿ ಓದಿದ ಪುಸ್ತಕಗಳು ಬಹಳ ಕಡಿಮೆ. ಇದು ಅದರಲ್ಲಿ ಒಂದು.

ಕೊನೆಯ ನೋಟ್‌ಬುಕ್ಕಿನ ಹಿಂದೆ ಒಂದು ಪಟ್ಟಿ ಇತ್ತು. ಮುಳುಗಿದ ಊರಿನ 214 ಮನೆಗಳು, ಓಣಿಯ ಪ್ರಕಾರ. ಯಾವ ಮನೆ ಯಾರದು, ಪಕ್ಕದ ಮನೆ ಯಾರದು, ಅವರ ಮಕ್ಕಳು ಈಗ ಎಲ್ಲಿದ್ದಾರೆ. ಇದಕ್ಕಾಗಿ ಕಾಕಾ ಮೂರು ವರ್ಷ ಓಡಾಡಿದ್ದರು. ರಜೆ ಇದ್ದ ದಿನ ಒಂದೊಂದು ಕೇಂದ್ರಕ್ಕೆ ಹೋಗಿ ಹಿರಿಯರ ಹತ್ತಿರ ಕೂತು ಬರೆಸಿಕೊಂಡಿದ್ದರು.

2024ರ ಜನವರಿಯಲ್ಲಿ ಅವರು ಅಂಗಡಿಗೆ ಬಂದಾಗ ಕೈಯಲ್ಲಿ ಒಂದು ಕಂಪನಿಯ ಕೊಟೇಶನ್ನೂ ಇತ್ತು. ಪುಸ್ತಕ ಮಾಡಿಕೊಡುತ್ತೇವೆ ಅನ್ನುವ ಬೆಂಗಳೂರಿನ ಕಂಪನಿ. 100 ಪ್ರತಿಗೆ 48,000 ರೂಪಾಯಿ. ಅದರಲ್ಲಿ ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ನಂಬರು, ಅದರ ಶುಲ್ಕ ಅಂತ 3,000 ಬೇರೆ ಬರೆದಿದ್ದರು. ಇದನ್ನು ಹೊಸದಾಗಿ ಬರೆಯುವ ಎಲ್ಲರಿಗೂ ಹೇಳಬೇಕು. ನಮ್ಮ ದೇಶದಲ್ಲಿ ಐಎಸ್‌ಬಿಎನ್ ಪುಕ್ಕಟೆ. ಕೊಡುವವರು ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ. ಲೇಖಕರೇ ತಮ್ಮ ಪುಸ್ತಕದ ಪ್ರಕಾಶಕರಾಗಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ನಾವು ಕಾಕಾರ ಹೆಸರಿನಲ್ಲೇ ಹಾಕಿದೆವು. ಗುರುತಿನ ಚೀಟಿ, ಶೀರ್ಷಿಕೆ ಪುಟ ಎಲ್ಲ ಅಪ್‌ಲೋಡ್ ಮಾಡಿ ಮೂರು ವಾರ ಕಾದೆವು, ನಂಬರು ಬಂತು. ಕಂಪನಿಯ ಕರಾರಿನಲ್ಲಿ ಇನ್ನೊಂದು ಸಾಲು ಇತ್ತು. ಮೂರು ವರ್ಷ ಈ ಪುಸ್ತಕವನ್ನು ಬೇರೆ ಯಾರೂ ಅಚ್ಚು ಹಾಕಬಾರದು, ಬರೆದವರೂ ಹಾಕಬಾರದು. ಅದನ್ನು ಓದಿ ತೋರಿಸಿದ ಮೇಲೆ ಕಾಕಾ ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಮತ್ತೆ ತೆಗೆಯಲಿಲ್ಲ.

ಸಹಾಯಧನ ಸಿಗುತ್ತದೇನು ಅಂತ ಕೇಳಿದರು. ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಆದರೆ ಅದು 18ರಿಂದ 35 ವಯಸ್ಸಿನವರಿಗೆ. ಕಾಕಾರಿಗೆ 62. ಮಕ್ಕಳೋ ಮೊಮ್ಮಕ್ಕಳೋ ಬರೆಯುವವರಿದ್ದರೆ ಆ ಅರ್ಜಿ ತಪ್ಪಿಸಬೇಡಿ. ಇವರಿಗೆ ಮಾತ್ರ ಉಳಿದದ್ದು ನಿವೃತ್ತಿಯ ದುಡ್ಡು.

ನಾನು ಸ್ವಲ್ಪ ಹಿಂಜರಿದೆ. ಆಗ ಕಾಕಾ, "ನೋಡವಾ, ಬಿಜಾಪುರದಾಗ ಹಳಕಟ್ಟಿಯವರು ಇದ್ದ ಮನೀನ ಮಾರಿ ಪ್ರೆಸ್ ಹಾಕಿದ್ರು. ನಾ ಇಷ್ಟರ ಮಾಡಬಾರದೇನು?" ಅಂದರು. ಫ.ಗು. ಹಳಕಟ್ಟಿಯವರು ವಚನ ಅಚ್ಚು ಹಾಕಲು 1925ರಲ್ಲಿ ಹಿತಚಿಂತಕ ಮುದ್ರಣಾಲಯ ಶುರು ಮಾಡಿದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಮಾತಿಗೆ ಎದುರು ಹೇಳಲು ನನಗೆ ಆಗಲಿಲ್ಲ.

ಮೊಮ್ಮಗಳು ಮೊಬೈಲಿನಲ್ಲೇ ಪೂರ್ತಿ ಟೈಪ್ ಮಾಡಿದಳು, ಐದು ತಿಂಗಳು. ಮೊಬೈಲಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್, ಅಂದರೆ ಈಗಿನ ಮೊಬೈಲು, ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರದ ಪದ್ಧತಿ. ನಮ್ಮಂಥ ಅಂಗಡಿಗಳಲ್ಲಿ ಪುಟ ಹೊಂದಿಸಲು ಇನ್ನೂ ಪೇಜ್‌ಮೇಕರ್ ಅನ್ನುವ ಹಳೇ ಸಾಫ್ಟ್‌ವೇರ್ ನಡೆಯುತ್ತದೆ, ಅದಕ್ಕೆ ಯೂನಿಕೋಡ್ ತಿಳಿಯುವುದಿಲ್ಲ. ನುಡಿ ಫಾಂಟಿಗೆ ಬದಲಾಯಿಸಬೇಕು. ಬದಲಾಯಿಸುವಾಗ ಏನಾಗುತ್ತದೆ ಅಂದರೆ, ಇಂಗ್ಲಿಷ್ ಅಕ್ಷರ ಎಲ್ಲಿದೆಯೋ ಅಲ್ಲಿ ಅರ್ಥವೇ ಇಲ್ಲದ ಕನ್ನಡ ಅಕ್ಷರ ಬಂದು ಕೂರುತ್ತದೆ. ಕಾಕಾರ ಪುಸ್ತಕದ ತುಂಬ ಬಸ್ಸಿನ ನಂಬರು! ಕೆಎ 29 ಎಫ್ ಅಂತ ಇಂಗ್ಲಿಷಿನಲ್ಲಿ ಇದ್ದ ಜಾಗದಲ್ಲೆಲ್ಲ ಎರಡು ಮೂರು ವಿಚಿತ್ರ ಅಕ್ಷರ. ಉದ್ಧರಣ ಚಿಹ್ನೆಗಳ ಕಥೆಯೂ ಅದೇ, ಮಾತು ಶುರುವಾಗುವ ಕಡೆಯೆಲ್ಲ ಒಂದು ಹೆಚ್ಚಿನ ಅಕ್ಷರ. ಇವನ್ನು ನಾವು ಕಂಡಲ್ಲಿ ತಿದ್ದಿದೆವು. ಆದರೂ 11 ತಪ್ಪು ಅಚ್ಚಿಗೆ ಹೋದವು, ಯಾಕೆಂದರೆ ಎರಡನೇ ಕರಡನ್ನು ಕಾಕಾ ಮೊಬೈಲಿನಲ್ಲಿ ಪಿಡಿಎಫ್ ಹಿಗ್ಗಿಸಿ ಹಿಗ್ಗಿಸಿ ಓದಿದರು, ಕಾಗದದ ಮೇಲೆ ತೆಗೆದುಕೊಡಿ ಅಂತ ಅವರು ಕೇಳಲಿಲ್ಲ, ತೆಗೆದುಕೊಡಬೇಕು ಅಂತ ನನಗೂ ಹೊಳೆಯಲಿಲ್ಲ. ಈಗ ನಾನು ಯಾರಿಗೂ ಮೊಬೈಲಿನಲ್ಲಿ ಕರಡು ಕೊಡುವುದಿಲ್ಲ. ಹಾಳೆಯ ಮೇಲೆ ಕೊಟ್ಟು, ಒಂದು ಕೆಂಪು ಪೆನ್ನು ಕೊಟ್ಟು, ಹದಿನೈದು ದಿನ ಮನೆಯಲ್ಲಿ ಇಟ್ಟುಕೊಳ್ಳಿ ಅನ್ನುತ್ತೇನೆ.

ಭಾಷೆಯ ವಿಷಯದಲ್ಲೂ ಒಂದು ಜಗ್ಗಾಟ ಆಯಿತು. ಕಾಕಾರ ಗೆಳೆಯರೊಬ್ಬರು, ನಿವೃತ್ತ ಕನ್ನಡ ಮೇಷ್ಟ್ರು, ಕರಡು ನೋಡಿ 'ಹೊಳಿ' ಇದ್ದಲ್ಲೆಲ್ಲ 'ಹೊಳೆ' ಮಾಡಿದ್ದರು. ಪ್ರಯಾಣಿಕರ ಮಾತನ್ನೂ ಪುಸ್ತಕದ ಕನ್ನಡಕ್ಕೆ ತಿರುಗಿಸಿದ್ದರು. ಮಾತನ್ನು ಹಾಗೇ ಬಿಡಿ, ಉಳಿದದ್ದನ್ನು ತಿದ್ದಿ ಅಂದೆ. ಒಪ್ಪಿದರು. ಅದೊಂದು ಒಳ್ಳೆಯ ತೀರ್ಮಾನ ಆಯಿತು.

ಊರಿನ ಹಳೆಯ ಫೋಟೋ ಒಂದನ್ನು ಮುಖಪುಟಕ್ಕೆ ಹಾಕಬೇಕಿತ್ತು. ತೆಗೆದವರು ಈಗಿಲ್ಲ, ಅವರ ಮಗ ಸ್ಟುಡಿಯೋ ನಡೆಸುತ್ತಾರೆ. ಫೋಟೋ ನಮ್ಮ ಮನೆಯಲ್ಲಿದೆ ಅಂದ ಮಾತ್ರಕ್ಕೆ ಅದರ ಹಕ್ಕು ನಮ್ಮದಾಗುವುದಿಲ್ಲ. ಒಂದು ಚೀಟಿ ಬರೆಸಿ ಸಹಿ ಮಾಡಿಸಿಕೊಂಡೆವು, ಹೆಸರು ಒಳಪುಟದಲ್ಲಿ ಹಾಕಿದೆವು.

ಈಗ ಪುಟದ ಲೆಕ್ಕಕ್ಕೆ ಬರುತ್ತೇನೆ. ಇಲ್ಲೇ ನಾನು ಎಡವಿದ್ದು.

ನಮ್ಮ ಪುಸ್ತಕಗಳು ಜಾಸ್ತಿ ಡೆಮಿ 1/8 ಅಳತೆಯವು, ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಮುದ್ರಣದವರು ಪುಟ ಎಣಿಸುವುದಿಲ್ಲ, ಫಾರ್ಮ್ ಎಣಿಸುತ್ತಾರೆ. ಒಂದು ಫಾರ್ಮ್ ಅಂದರೆ 16 ಪುಟ. ಕಾಕಾರ ಪುಸ್ತಕ ಪಟ್ಟಿ ಸೇರಿ 184 ಪುಟ ಆಯಿತು, ಅಂದರೆ ಹನ್ನೊಂದೂವರೆ ಫಾರ್ಮ್. ಪಟ್ಟಿ ತೆಗೆದರೆ 176, ಸರಿಯಾಗಿ ಹನ್ನೊಂದು. ಗದಗಿನ ಮುದ್ರಣಾಲಯದವರು ಆ ಅರ್ಧ ಫಾರ್ಮಿಗೆ 4,200 ರೂಪಾಯಿ ಜಾಸ್ತಿ ಆಗುತ್ತದೆ ಅಂದರು. ನಾನು ಕಾಕಾರಿಗೆ ಹೇಳಿದೆ, "ಕಾಕಾ, ಕಥಿ ಮುಗಿದ ಮ್ಯಾಲ ಹೆಸರಿನ ಪಟ್ಟಿ ಯಾರ ಓದತಾರ್ರಿ? ಬಿಟ್ಟಬಿಡೋಣು."

ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, "ಹಂಗಂತೀಯೇನು? ಆತು ಬಿಡವಾ, ನಿನಗ ಗೊತ್ತಿರ್ತೈತಿ" ಅಂದರು.

ನನಗೆ ಗೊತ್ತಿದ್ದದ್ದು ಫಾರ್ಮಿನ ಲೆಕ್ಕ. ಆ ಪುಸ್ತಕವನ್ನು ಯಾರು ಕೈಗೆ ತೆಗೆದುಕೊಳ್ಳುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು. ನಾನು ಕೇಳಲೇ ಇಲ್ಲ.

ಎಷ್ಟು ಪ್ರತಿ ಅನ್ನುವ ಪ್ರಶ್ನೆಯೂ ಹೀಗೇ ತೀರ್ಮಾನ ಆಯಿತು. ಆಫ್‌ಸೆಟ್‌ನಲ್ಲಿ ಪ್ಲೇಟ್ ಮಾಡುವುದಕ್ಕೆ, ಮಷಿನ್ ಹೊಂದಿಸುವುದಕ್ಕೆ ಆಗುವ ಖರ್ಚು 300 ಪ್ರತಿಗೂ ಅಷ್ಟೇ, 1000 ಪ್ರತಿಗೂ ಅಷ್ಟೇ. ಮೇಲೆ ಬೀಳುವುದು ಕಾಗದ ಮತ್ತು ಬೈಂಡಿಂಗ್. ಹಾಗಾಗಿ 300 ಹಾಕಿದರೆ ಒಂದಕ್ಕೆ 120 ರೂಪಾಯಿ, 1000 ಹಾಕಿದರೆ 65. ಎಲ್ಲರೂ 65 ನೋಡಿ 1000ಕ್ಕೆ ಹೋಗುತ್ತಾರೆ, ನಾವೂ ಹೋದೆವು. ಆದರೆ ಜೇಬಿನಿಂದ ಹೋಗುವ ದುಡ್ಡು ನೋಡಿ: ಒಂದು ಕಡೆ 36,000, ಇನ್ನೊಂದು ಕಡೆ 65,000. ಮಾರಾಟವಾಗದೆ ಉಳಿದ ಪ್ರತಿಗೆ 65 ರೂಪಾಯಿ ಕೂಡ ದುಬಾರಿಯೇ. ನೂರು ಪ್ರತಿ ಸಾಕು ಅನ್ನುವವರಿಗೆ ಈಗ ಡಿಜಿಟಲ್ ಮುದ್ರಣ ಇದೆ, ಅದರಲ್ಲಿ ಪ್ಲೇಟ್ ಇಲ್ಲ, ಬೇಕಾದಷ್ಟೇ ತೆಗೆಸಬಹುದು. ನಮಗೆ ಹುಬ್ಬಳ್ಳಿಯಲ್ಲಿ ಹೇಳಿದ ದರ ಪ್ರತಿಗೆ 130. 1000ದ ಪಕ್ಕ ಇಟ್ಟರೆ ಎರಡು ಪಟ್ಟು ಅನಿಸುತ್ತದೆ. ಮೊದಲ ಪುಸ್ತಕಕ್ಕೆ ಅದೇ ಸರಿ ಅಂತ ಈಗ ನನ್ನ ಖಚಿತ ಅಭಿಪ್ರಾಯ.

1000 ಹಾಕಲು ಇನ್ನೊಂದು ಕಾರಣ ಇತ್ತು. ಗ್ರಂಥಾಲಯದವರು ತಗೋತಾರೆ ಅನ್ನುವ ನಂಬಿಕೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಆಯಾ ವರ್ಷ ಪ್ರಕಟವಾದ ಪುಸ್ತಕಗಳಿಗೆ ಅರ್ಜಿ ಕರೆಯುತ್ತದೆ, ಸಮಿತಿ ಆಯ್ಕೆ ಮಾಡುತ್ತದೆ, ಪುಟದ ಲೆಕ್ಕದಲ್ಲಿ ಸರ್ಕಾರ ಗೊತ್ತು ಮಾಡಿದ ದರ ಕೊಡುತ್ತಾರೆ. ಅರ್ಜಿ ಖಂಡಿತ ಹಾಕಬೇಕು. ಕಾಕಾರೂ ಹಾಕಿದ್ದಾರೆ. ಆದರೆ ಆಯ್ಕೆ ಆಗುವ ಮುಂಚೆಯೇ ಆ ದುಡ್ಡನ್ನು ಲೆಕ್ಕಕ್ಕೆ ಹಿಡಿದು ಪ್ರತಿಗಳ ಸಂಖ್ಯೆ ಗೊತ್ತು ಮಾಡಬಾರದು.

ಬಿಡುಗಡೆ 2024ರ ನವೆಂಬರ್ 1ಕ್ಕೆ. ರಾಜ್ಯೋತ್ಸವದ ದಿನವೇ ಆಗಬೇಕು ಅಂತ ಮನೆಯವರೆಲ್ಲ ಹಟ ಹಿಡಿದರು. ಹಾಲ್, ಶಾಮಿಯಾನ, ಮೈಕು, ಶಾಲು, ಹಾರ, 250 ಜನರ ಊಟ ಸೇರಿ 34,000. ಕರಡು ತಿದ್ದಲು ಸಿಗಬೇಕಾದ ಹದಿನೈದು ದಿನ ಈ ತಾರೀಖಿಗೆ ಹೋಯಿತು. ಪುಸ್ತಕದ ಬೆಲೆ 200 ಇಟ್ಟಿದ್ದರು. ಅವತ್ತು 63 ಪ್ರತಿ ಮಾರಾಟವಾದವು, 140 ಪುಕ್ಕಟೆ ಹೋದವು. ವೇದಿಕೆಯ ಗಣ್ಯರು, ಬೀಗರು, ಡಿಪೋದ ಗೆಳೆಯರು, ಯಾರಿಗೆ ಕೊಡುವುದು ಯಾರಿಗೆ ಬಿಡುವುದು? ಗೌರವ ಪ್ರತಿ ಅಂತ ಒಬ್ಬರಿಗೆ ಕೊಟ್ಟ ಮೇಲೆ ಪಕ್ಕದವರಿಂದ ದುಡ್ಡು ಕೇಳಲು ಕಾಕಾರಿಗೆ ಬಾಯಿ ಬರಲಿಲ್ಲ.

ಅವತ್ತಿನ ಒಂದು ಸಂಗತಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಊಟ ಆದ ಮೇಲೆ ಒಬ್ಬ ಮುದುಕಿ ಮೊಮ್ಮಗನ ಕೈ ಹಿಡಿದುಕೊಂಡು ಪುಸ್ತಕದ ಟೇಬಲ್ಲಿಗೆ ಬಂದರು. ಓದಲು ಬರುವುದಿಲ್ಲ. ಪುಸ್ತಕ ತೆಗೆದುಕೊಂಡು ಹಿಂದಿನಿಂದ ತಿರುವಿ, ಮೊಮ್ಮಗನಿಗೆ ಕೊಟ್ಟು, "ನಮ್ಮ ಮನಿ ಎಲ್ಲೈತಿ ನೋಡು" ಅಂದರು. ಅವನು ಹುಡುಕಿದ, ಸಿಗಲಿಲ್ಲ. ಆಕೆ ಕಾಕಾರ ಕಡೆ ತಿರುಗಿ, "ಯಾಕೋ ತಮ್ಮಾ, ನಮ್ಮ ಮನಿ ಬರದಿಲ್ಲೇನು?" ಅಂತ ಕೇಳಿದರು. ಮೂರು ವರ್ಷದ ಹಿಂದೆ ಹೆಸರು ಬರೆಸಿಕೊಳ್ಳುವಾಗ, ಪುಸ್ತಕದಲ್ಲಿ ನಿಮ್ಮ ಮನಿನೂ ಬರತೈತಿ ಅಂತ ಕಾಕಾ ಹೇಳಿ ಬಂದಿದ್ದರಂತೆ. ಆಕೆಗೆ ಅಷ್ಟೇ ನೆನಪಿತ್ತು. ಕಾಕಾ ಏನೂ ಹೇಳಲಿಲ್ಲ. ಆಕೆ ಪುಸ್ತಕವನ್ನು ಟೇಬಲ್ ಮೇಲೆ ಇಟ್ಟು ಹೋದರು.

ಅದನ್ನು ಕಣ್ಣಾರೆ ನೋಡಿಯೂ ನನಗೆ ಅವತ್ತು ಪೂರ್ತಿ ತಿಳಿಯಲಿಲ್ಲ. ಮುಂದಿನ ಆರು ತಿಂಗಳು ನಾವು ಎಲ್ಲರೂ ಮಾಡುವ ಕೆಲಸಗಳನ್ನೇ ಮಾಡಿದೆವು. ಬಾಗಲಕೋಟೆ, ಹುಬ್ಬಳ್ಳಿಯ ಅಂಗಡಿಗಳಿಗೆ 60 ಪ್ರತಿ ಕೊಟ್ಟೆವು. ನೂರಕ್ಕೆ ನಲವತ್ತು ಅವರ ಕಮಿಷನ್, ದುಡ್ಡು ಮಾರಿದ ಮೇಲೆ. 19 ಮಾರಾಟವಾದವು, 41 ವಾಪಸ್ ಬಂದವು. ಕೈಯಿಂದ ಕೈಗೆ 69 ಹೋದವು. ಪತ್ರಿಕೆಗಳಿಗೆ, ಪರಿಚಯದ ಓದುಗರಿಗೆ ಅಂತ ಇನ್ನೂ 50 ಪುಕ್ಕಟೆ. ಆ ಐವತ್ತರಲ್ಲಿ ನಾಲ್ಕು ಮಾತ್ರ ಕೊಡಲೇಬೇಕಾದವು: 1954ರ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಬರೆದವರೇ ಪ್ರಕಾಶಕರಾದರೆ ಆ ಕೆಲಸವೂ ಅವರದೇ. 2025ರ ಏಪ್ರಿಲ್ ಹೊತ್ತಿಗೆ 659 ಪ್ರತಿ ಕಾಕಾರ ಮನೆಯ ನಡುಮನೆಯಲ್ಲಿ, ಜೋಳದ ಚೀಲದ ಪಕ್ಕ, ರಟ್ಟಿನ ಡಬ್ಬಿಗಳಲ್ಲಿ ಇದ್ದವು. ಇಲಿ ಬರುತ್ತವೆ ಅಂತ ಕಾಕೂ ದಿನಾ ಡಬ್ಬಿ ಸರಿಸಿ ಕಸ ಹೊಡೆಯುತ್ತಿದ್ದರು.

ಆ ತಿಂಗಳ ಕೊನೆಗೆ ಕಾಕಾ ನಾಲ್ಕನೇ ನೋಟ್‌ಬುಕ್ ಹಿಡಿದುಕೊಂಡು ಅಂಗಡಿಗೆ ಬಂದರು. ಹೊಸ ಊರಿನಲ್ಲೂ ಹನುಮಪ್ಪನ ಓಕಳಿ, ಅಂದರೆ ನೀರು ಎರಚಾಡುವ ಊರ ಹಬ್ಬ, ನಡೆಯುತ್ತದೆ, ಚೆದುರಿ ಹೋದವರೆಲ್ಲ ಅವತ್ತು ಬರುತ್ತಾರೆ. "ಈ ಪಟ್ಟಿಯರ ಝೆರಾಕ್ಸ್ ಮಾಡಿ ಕೊಡವಾ, ಓಕಳಿಗೆ ಮಂದಿಗೆ ಹಂಚತೀನಿ. ಮಾತು ಕೊಟ್ಟೀನಿ" ಅಂದರು.

ಆಗ ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಆ ಊರಿನವರಿಗೆ ಕಥೆ ಗೊತ್ತೇ ಇದೆ, ಅವರು ಅದನ್ನು ಬದುಕಿದ್ದಾರೆ. ಅವರಿಗೆ ಅಚ್ಚಿನಲ್ಲಿ ನೋಡಬೇಕಿದ್ದದ್ದು ತಮ್ಮ ಮನೆ. ಅದನ್ನೇ ನಾನು 4,200 ರೂಪಾಯಿಗೆ ತೆಗೆಸಿದ್ದೆ.

ಝೆರಾಕ್ಸ್ ಬೇಡ ಅಂದೆ. ಅದೇ ಡೆಮಿ ಅಳತೆಯಲ್ಲಿ, ಅದೇ ಕಾಗದದಲ್ಲಿ ಎಂಟು ಪುಟದ ಒಂದು ಪುಟ್ಟ ಪುಸ್ತಿಕೆ ಮಾಡಿದೆ. ಓಣಿ ಓಣಿಯಾಗಿ ಹೆಸರು, ಮೊದಲ ಪುಟದಲ್ಲಿ ಕಾಕಾ ಕೈಯಿಂದ ಬರೆದ ಊರಿನ ನಕ್ಷೆ: ಅಗಸಿ, ಹನುಮಪ್ಪನ ಗುಡಿ, ಬಾವಿ, ಬಸ್ಸು ನಿಲ್ಲುತ್ತಿದ್ದ ಬೇವಿನ ಮರ. ಕಾಕಾ ಹತ್ತು ದಿನ ಫೋನ್ ಮಾಡಿ ಮಾಡಿ ಪಟ್ಟಿ ಸರಿಪಡಿಸಿದರು, 214 ಇದ್ದದ್ದು 221 ಆಯಿತು. ನನ್ನ ಕೂಲಿ ತೆಗೆದುಕೊಳ್ಳಲಿಲ್ಲ. 1000 ಪ್ರತಿಗೆ ಮುದ್ರಣದ ಖರ್ಚು 4,500 ಬಂತು. ಹಳೆಯ ತಪ್ಪುಗಳ ತಿದ್ದುಪಡಿಯನ್ನೂ ಕೊನೆಯ ಪುಟದ ಒಂದು ಮೂಲೆಯಲ್ಲಿ ಹಾಕಿದೆವು. ಉಳಿದ ಎಲ್ಲ ಪುಸ್ತಕದ ಒಳಗೂ ಒಂದೊಂದು ಇಟ್ಟೆವು. ಮೊದಲೇ ಕೊಂಡವರಿಗೆ ಅದನ್ನು ಪುಕ್ಕಟೆ ತಲುಪಿಸಿದೆವು.

ಓಕಳಿಯ ಎರಡು ದಿನದಲ್ಲಿ 212 ಪುಸ್ತಕ ಹೋದವು, ರಿಯಾಯಿತಿ ಬೆಲೆ 150ಕ್ಕೆ. ಹನುಮಪ್ಪನ ಗುಡಿ ಕಟ್ಟೆಯ ಮೇಲೆ ನಾನೇ ಡಬ್ಬಿ ಇಟ್ಟುಕೊಂಡು ಕೂತಿದ್ದೆ. ಯಾರೂ ಮುಖಪುಟ ನೋಡಲಿಲ್ಲ. ಮೊದಲು ಪುಸ್ತಿಕೆ ಬಿಚ್ಚುತ್ತಿದ್ದರು, ಬೆರಳು ಇಟ್ಟು ಓಣಿ ಹುಡುಕುತ್ತಿದ್ದರು, ಸಿಕ್ಕ ಮೇಲೆ ಪಕ್ಕದವರನ್ನು ಕರೆದು ತೋರಿಸುತ್ತಿದ್ದರು. ಆ ಮುದುಕಿಯ ಮನೆಯವರು ಮೂರು ಪ್ರತಿ ಒಯ್ದರು.

ಅದಾದ ಮೇಲೆ ಫೋನ್ ಶುರುವಾದವು. ದುಡಿಯಲು ಹೋದವರು ಗೋವಾ, ಪುಣೆ, ಮಂಗಳೂರು, ಇಚಲಕರಂಜಿಯಲ್ಲಿದ್ದಾರೆ. ಅವರಿಗೆ ಅಂಚೆಯಲ್ಲಿ 96 ಪ್ರತಿ ಕಳಿಸಿದೆವು, ಪೂರ್ತಿ ಬೆಲೆಗೆ, ಅಂಚೆ ಖರ್ಚು ಅವರದು. ಇಲ್ಲೊಂದು ಅನುಕೂಲ ಆಯಿತು. 2025ರ ಮೇ 1ರಿಂದ ಅಂಚೆಯವರು ಪುಸ್ತಕಗಳಿಗೆ ಜ್ಞಾನ ಪೋಸ್ಟ್ ಶುರು ಮಾಡಿದ್ದಾರೆ, 300 ಗ್ರಾಂವರೆಗೆ 20 ರೂಪಾಯಿಯಿಂದ ದರ. ರಸ್ತೆ, ರೈಲಿನ ಮೇಲೆ ಹೋಗುತ್ತದೆ, ಸ್ವಲ್ಪ ನಿಧಾನ. 176 ಪುಟದ ಈ ಪುಸ್ತಕ ಲಕೋಟೆ ಸೇರಿ 300ರ ಒಳಗೇ ಇತ್ತು. ಪುಸ್ತಕ ಮಾಡಿಸುವವರು ಕಾಗದ ಆರಿಸುವಾಗಲೇ ತೂಕವನ್ನೂ ಕೇಳಿಕೊಳ್ಳಿ. 70 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ 70 ಗ್ರಾಂ ತೂಗುವ ಕಾಗದ ಇಂಥ ಪುಸ್ತಕಕ್ಕೆ ಧಾರಾಳ ಸಾಕು.

ಡೈರಿಯ ಲೆಕ್ಕ ಹೀಗಿದೆ. ಪುಟ ಹೊಂದಿಸಿದ್ದಕ್ಕೆ 5,280, ಮುಖಪುಟಕ್ಕೆ 3,000, ಮುದ್ರಣ 65,000, ಗದಗಿನಿಂದ ಗಾಡಿ 1,800, ಕಾರ್ಯಕ್ರಮ 34,000, ಪುಸ್ತಿಕೆ 4,500. ಒಟ್ಟು 1,13,580. ಬಂದದ್ದು 459 ಪ್ರತಿಗೆ 79,680. ಕೈಯಿಂದ ಹೋದದ್ದು 33,900, ಹೆಚ್ಚು ಕಡಿಮೆ ಕಾರ್ಯಕ್ರಮದ ಖರ್ಚಿನಷ್ಟೇ. ಆ ಕಾರ್ಯಕ್ರಮವನ್ನು ಹಾಲಿನಲ್ಲಿ ಮಾಡದೆ ಓಕಳಿಯ ದಿನ ಗುಡಿ ಕಟ್ಟೆಯ ಮೇಲೆ ಮಾಡಿದ್ದರೆ? ಊಟ ಹೇಗೂ ಅಲ್ಲಿ ಇರುತ್ತದೆ, ಮಂದಿಯೂ ಇರುತ್ತಾರೆ. ಇದನ್ನು ಕಾಕಾರಿಗೂ ಹೇಳಿದೆ. "ಹೌದ ನೋಡು, ಓಕಳಿ ಯಾಕ ನೆನಪಾಗಲಿಲ್ಲ" ಅಂದರು.

351 ಪ್ರತಿ ಇನ್ನೂ ಇವೆ. ಅವು ನಿಧಾನಕ್ಕೆ ಹೋಗುತ್ತವೆ ಅನ್ನುವ ಧೈರ್ಯ ಈಗ ಇದೆ. ಅವು ಮುಗಿದ ಮೇಲೆ 184 ಪುಟದ್ದೇ ಡಿಜಿಟಲ್‌ನಲ್ಲಿ 100 ತೆಗೆಸುವುದು ಅಂತ ಮಾತಾಗಿದೆ. ಪಟ್ಟಿ ಒಳಗೆ ಸೇರಿ ಪುಸ್ತಕ ಬದಲಾಗುವುದರಿಂದ ಅದು ಪರಿಷ್ಕೃತ ಆವೃತ್ತಿ, ಹೊಸ ಐಎಸ್‌ಬಿಎನ್ ಬೇಕು. ಬರೀ ಮರುಮುದ್ರಣ ಆಗಿದ್ದರೆ ಹಳೆಯ ನಂಬರೇ ನಡೆಯುತ್ತಿತ್ತು.

ಹೋದ ವಾರ ಇಚಲಕರಂಜಿಯಿಂದ ಒಬ್ಬರು ಕಾಕಾರಿಗೆ ಫೋನ್ ಮಾಡಿದ್ದರು. ಕೆಳಗಿನ ಓಣಿಯಲ್ಲಿ ಬಾವಿಯ ಹಿಂದೆ ಎರಡು ಮನೆ ಬಿಟ್ಟು ಹೋಗಿವೆಯಂತೆ. ಕಾಕಾ ಅವತ್ತೇ ಅಂಗಡಿಗೆ ಬಂದು, ನನ್ನ ಹತ್ತಿರ ಇಟ್ಟ ಪ್ರತಿಯ ಪಟ್ಟಿಯಲ್ಲಿ ಪೆನ್ಸಿಲ್ಲಿನಿಂದ ಆ ಎರಡು ಹೆಸರು ಬರೆದು, ಅದರ ಕೆಳಗೆ ಇನ್ನೂ ಎಷ್ಟು ಸಾಲಿಗೆ ಜಾಗ ಇದೆ ಅಂತ ಎಣಿಸಿ ನೋಡಿ ಹೋದರು.